ರಥಬೀದಿ ಮತ್ತು ಕಾಲುದಾರಿ: ಉಡುಪಿ ಸೀಮೆಯಲ್ಲಿ ವಿಕಲಚೇತನರ ಸಂಚಾರ

ಉಡುಪಿಯ ರಥಬೀದಿಯ ವಿಚಾರವಾಗಿ ಬರೆದವರು ಅನೇಕರು. ಅನಂತೇಶ್ವರ ಮತ್ತು ಚಂದ್ರಮೌಳೀಶ್ವರ ದೇವಾಲಯಗಳು, ಶ್ರೀಕೃಷ್ಣಮಠ, ಸುತ್ತಲಿನ ಅಷ್ಟಮಠಗಳು ವಿದ್ವಾಂಸರ ಗಮನವನ್ನು ಸೆಳೆದಿರುವುದು ಸಹಜವೇ ಆಗಿದೆ. ಆದರೆ ಈ ಕಟ್ಟಡಗಳ ನಡುವಣ ನೆಲವನ್ನೇ ಒಂದು ಐತಿಹಾಸಿಕ ವಸ್ತುವೆಂದು ಭಾವಿಸಿ ನೋಡಿದವರು ವಿರಳ. ಆ ಬೀದಿಯಲ್ಲಿ ಎಲ್ಲಿಯೂ ಮೆಟ್ಟಿಲಿಲ್ಲ, ಎದ್ದುಕಾಣುವ ಏರಿಳಿತವಿಲ್ಲ, ಸುತ್ತು ಮುಗಿಸಿ ಹೊರಟಲ್ಲಿಗೇ ಮರಳುವಷ್ಟು ತಿರುವಿನ ಅವಕಾಶವುಂಟು. ಬ್ರಹ್ಮರಥದ ಗಾಲಿ ಕಲ್ಲಿಗೆ ತಗುಲಿ ನಿಲ್ಲಬಾರದು, ತಗ್ಗಿಗೆ ಇಳಿದು ವಾಲಬಾರದು ಎಂಬ ಒಂದೇ ಅಗತ್ಯವು ಆ ನೆಲದ ಆಕಾರವನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದಿದೆ. ಗಾಲಿಗೆ ಸಮನಾದ ದಾರಿ ಬೇಕೆಂಬ ತಿಳಿವಳಿಕೆ ನಮ್ಮ ಪಟ್ಟಣಗಳಿಗೆ ಇರಲಿಲ್ಲವೆಂದು ಹೇಳುವಂತಿಲ್ಲ.

ಆ ತಿಳಿವಳಿಕೆಯು ರಥದ ಗಾಲಿಗೆ ದೊರೆತು, ಗಾಲಿಕುರ್ಚಿಯ ಗಾಲಿಗೆ ಏಕೆ ದೊರೆಯಲಿಲ್ಲ? ಉಡುಪಿ, ಮಣಿಪಾಲ, ಕಾಪು ಮತ್ತು ಕಾರ್ಕಳ ಎಂಬ ನಾಲ್ಕು ಸ್ಥಳಗಳನ್ನು ಮುಂದಿರಿಸಿಕೊಂಡು ಈ ಪ್ರಶ್ನೆಯನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ಇದು ಇಂಜಿನಿಯರರ ಪ್ರಶ್ನೆಯಲ್ಲವೇ ಎಂದು ನಮ್ಮ ಮಿತ್ರರೊಬ್ಬರು ಕೇಳಿದುದುಂಟು. ಬೀದಿಯು ಇಂದು ಹೇಗಿದೆಯೆಂಬುದನ್ನು ಇಂಜಿನಿಯರರು ಹೇಳಬಲ್ಲರು. ಅದು ಹಾಗೇಕೆ ಆಯಿತೆಂಬುದನ್ನು ಹೇಳುವ ಭಾರ ಇತಿಹಾಸಕಾರರದು.

ಮೊದಲಿಗೆ ಆಕರಗಳ ವಿಷಯದಲ್ಲಿ ಒಂದು ಮಾತು. ಬ್ರಿಟಿಷ್ ಆಳಿಕೆಯ ಜನಗಣತಿಗಳು 1872ರಿಂದ 1931ರವರೆಗೆ ‘ಊನ’ಗಳನ್ನು ಲೆಕ್ಕ ಹಾಕುತ್ತಿದ್ದುವು. ಆ ಲೆಕ್ಕಕ್ಕೆ ಬಂದವರು ಅಂಧರು, ಕಿವುಡ ಮೂಕರು, ಬುದ್ಧಿವಿಕಲರು ಮತ್ತು ಕುಷ್ಠರೋಗಿಗಳು. ಕಾಲಿಲ್ಲದವರಿಗೆ, ನಡೆಯಲಾರದವರಿಗೆ ಆ ಪಟ್ಟಿಯಲ್ಲಿ ಕಲಮೇ ಇರಲಿಲ್ಲ. 1941ರಿಂದ ಈ ಗಣನೆಯೇ ನಿಂತುಹೋಗಿ, 1981ರಲ್ಲಿ ಮತ್ತೆ ಆರಂಭವಾಗಿ, 1991ರಲ್ಲಿ ಬಿಟ್ಟುಹೋಗಿ, 2001ರಲ್ಲಿ ಪುನಃ ಬಂದಿತು. 2011ರ ಗಣತಿಯಂತೆ ಕರ್ನಾಟಕದಲ್ಲಿ ಇಂಥವರ ಸಂಖ್ಯೆ 13,24,205. ಬೀದಿಯನ್ನು ರಚಿಸಿದ ಕಾಲದಲ್ಲಿ, ಬೀದಿಯಲ್ಲಿ ಯಾರಿಗೆ ತೊಡಕಾಗುವುದೋ ಅವರು ಸರಕಾರದ ಎಣಿಕೆಯಲ್ಲಿಯೇ ಇರಲಿಲ್ಲವೆಂಬುದು ಅಲ್ಪ ವಿಷಯವಲ್ಲ. ‘ವಿಕಲಚೇತನ’ ಎಂಬುದು ಇತ್ತೀಚಿನ ಶಬ್ದ. ಅದಕ್ಕೆ ಮುನ್ನ ‘ಅಂಗವಿಕಲ’ ಎನ್ನುತ್ತಿದ್ದರು. ಶಾಸನಗಳು ಕುರುಡ, ಕುಂಟ ಎಂದೇ ಬರೆಯುತ್ತವೆ. ನಾವು ಇಲ್ಲಿ ಮೊದಲನೆಯ ಶಬ್ದವನ್ನು ಬಳಸುತ್ತೇವೆ.

ಶಾಸನಗಳ ಮಾತು ಬಂದುದರಿಂದ, ಬಳ್ಳಿಗಾವಿಯ ಕೋಡಿಯ ಮಠದ ಕ್ರಿ. ಶ. 1162ರ ಶಾಸನವನ್ನು ಸ್ಮರಿಸದೆ ಮುಂದೆ ಹೋಗುವಂತಿಲ್ಲ. ಶಿಕಾರಿಪುರ ತಾಲ್ಲೂಕಿನ ಈ ಪ್ರಸಿದ್ಧ ಶಾಸನವು ಮಠದಲ್ಲಿ ನಡೆಯುತ್ತಿದ್ದ ವೇದ, ವ್ಯಾಕರಣ, ದರ್ಶನಗಳ ಪಾಠಪ್ರವಚನವನ್ನು ವಿವರಿಸಿ, ಅದೇ ಉಸಿರಿನಲ್ಲಿ ದೀನರಿಗೂ ಅನಾಥರಿಗೂ ಕುಂಟರಿಗೂ ಕುರುಡರಿಗೂ ಕಿವುಡರಿಗೂ ಅಲ್ಲಿ ಅನ್ನದಾನ ನಡೆಯುತ್ತಿದ್ದಿತೆಂದೂ ರೋಗಿಗಳಿಗೆ ಔಷಧ ದೊರೆಯುತ್ತಿದ್ದಿತೆಂದೂ ತಿಳಿಸುತ್ತದೆ. ಕನ್ನಡ ನಾಡಿನ ಕರುಣೆಗೆ ಇದಕ್ಕಿಂತ ಉತ್ತಮ ಸಾಕ್ಷ್ಯ ಬೇಕಿಲ್ಲ. ಆದರೆ ಶಾಸನವನ್ನು ಇನ್ನೊಂದು ರೀತಿಯಿಂದಲೂ ಓದಬಹುದು. ಕುಂಟನು ಮಠಕ್ಕೆ ಬಂದರೆ ಅನ್ನವುಂಟು. ಅವನು ಮಠದವರೆಗೆ ಹೇಗೆ ಬಂದನೆಂಬ ವಿಚಾರ ಅಲ್ಲಿಲ್ಲ. ಅವನು ದಾನಕ್ಕೆ ಪಾತ್ರನು, ದಾರಿಗೆ ಬಾಧ್ಯನಲ್ಲ. ನಮ್ಮ ಇತಿಹಾಸದಲ್ಲಿ ಛತ್ರ, ಅರವಟ್ಟಿಗೆ, ಅನ್ನಸತ್ರಗಳ ಉಲ್ಲೇಖ ಹೇರಳವಾಗಿದ್ದು, ಇಂಥವರು ನಡೆಯತಕ್ಕ ನೆಲದ ಉಲ್ಲೇಖವಿಲ್ಲದಿರುವುದು ಆಕಸ್ಮಿಕವಲ್ಲವೆಂದು ನಮಗೆ ತೋರುತ್ತದೆ.

ದಾರಿಯ ವಿಚಾರವು ಅರ್ಥಶಾಸ್ತ್ರದಲ್ಲಿ ಬರುತ್ತದೆ. 1909ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಪ್ರಕಟಿಸಿದ ಈ ಗ್ರಂಥದಲ್ಲಿ ಕೌಟಿಲ್ಯನು ಬಗೆಬಗೆಯ ಮಾರ್ಗಗಳ ಅಗಲವನ್ನು ವಿಧಿಸುತ್ತಾನೆ. ರಥದ ಮಾರ್ಗಕ್ಕೆ ಐದು ಅರತ್ನಿ. ದೊಡ್ಡ ಪಶುಗಳಿಗೆ ನಾಲ್ಕು. ಸಣ್ಣ ಪಶುಗಳಿಗೂ ಮನುಷ್ಯರಿಗೂ ಸೇರಿ ಎರಡು. ಅರತ್ನಿಯೆಂದರೆ ಸುಮಾರು ಒಂದೂವರೆ ಅಡಿ. ಮನುಷ್ಯನನ್ನು ಆಡುಕುರಿಗಳ ಜತೆಗೆ ಸೇರಿಸಿದ್ದನ್ನು ಕಂಡು ನಮ್ಮ ವಿದ್ಯಾರ್ಥಿಗಳು ನಗುವುದುಂಟು. ಆದರೆ ಎರಡು ಅರತ್ನಿಯೆಂದರೆ ಮೂರು ಅಡಿ. ಒಂದು ಗಾಲಿಕುರ್ಚಿ ನಿರಾತಂಕವಾಗಿ ಸಾಗಲು ಇಂದಿನ ಮಾನಕಗಳು ಕೇಳುವ ಅತಿ ಕಡಮೆ ಅಗಲವೂ, ಅಂದರೆ 900 ಮಿಲಿಮೀಟರು, ಸರಿಸುಮಾರು ಅಷ್ಟೇ. ಆ ದಾರಿಯನ್ನು ಅಡ್ಡಗಟ್ಟಿದವನಿಗೆ ಕೌಟಿಲ್ಯನು 12 ಪಣಗಳ ದಂಡವನ್ನು ಹೇಳಿದ್ದಾನೆ. ದೊಡ್ಡ ಪಶುಗಳ ದಾರಿಯನ್ನು ಅಡ್ಡಗಟ್ಟಿದರೆ 24. ದೊಡ್ಡ ವಾಹನದ ದಾರಿಗೆ ದೊಡ್ಡ ಬೆಲೆ, ಕಾಲ್ನಡೆಯ ದಾರಿಗೆ ಸಣ್ಣ ಬೆಲೆ ಎಂಬ ಈ ಶ್ರೇಣಿಯು ಇಂದಿಗೂ ಅಳಿದಿಲ್ಲ; ಕೌಟಿಲ್ಯನು ವಿಧಿಸಿದ 12 ಪಣಗಳಷ್ಟಾದರೂ ಇಂದು ವಸೂಲಾಗುತ್ತಿದೆಯೇ ಎಂಬುದು ಸಂದೇಹ.

ಇನ್ನು ಕಾರ್ಕಳಕ್ಕೆ ಬರೋಣ. ಭೈರರಸ ವಂಶದ ವೀರಪಾಂಡ್ಯನು 1432ರಲ್ಲಿ ಪ್ರತಿಷ್ಠಾಪಿಸಿದ 42 ಅಡಿ ಎತ್ತರದ ಗೊಮ್ಮಟೇಶ್ವರ ವಿಗ್ರಹವು ಶ್ರವಣಬೆಳಗೊಳದ ಮೂರ್ತಿಯಂತೆ ಇದ್ದಲ್ಲಿಯೇ ಕಡೆದುದಲ್ಲ. ಬೇರೆಡೆ ಸಿದ್ಧಪಡಿಸಿ ಬಂಡೆಯ ನೆತ್ತಿಗೆ ಏರಿಸಿದುದು. ಚಂದ್ರಮ ಕವಿಯ ‘ಕಾರ್ಕಳದ ಗೊಮ್ಮಟೇಶ್ವರ ಚರಿತೆ’ಯಲ್ಲಿ ಇಪ್ಪತ್ತು ಗಾಲಿಗಳ ಬಂಡಿಯ ಮೇಲೆ ಅದನ್ನು ಬೆಟ್ಟಕ್ಕೆ ಎಳೆದ ವರ್ಣನೆ ಬರುತ್ತದೆ. ಪ್ರತಿಷ್ಠೆಗೆ ಎರಡು ಶತಮಾನಗಳ ಅನಂತರ ಬರೆದ ಕವಿಯ ಮಾತನ್ನು ಅಕ್ಷರಶಃ ಪ್ರಮಾಣವೆಂದು ಹಿಡಿಯಬೇಕಾಗಿಲ್ಲ. ಆದರೂ ಸುಮಾರು 80 ಟನ್ನು ತೂಕದ ಶಿಲೆಯು ಮೆಟ್ಟಿಲೇರಿ ಹೋಗುವುದು ಅಸಾಧ್ಯ. ಗಾಲಿಯ ಮೇಲಾಗಲಿ ದಿಮ್ಮಿಯ ಮೇಲಾಗಲಿ, ಅದು ಏರಿದ್ದು ಒಂದು ಇಳಿಜಾರಿನ ಮೇಲೆಯೇ. ಕಲ್ಲಿನ ದೇವನಿಗಾಗಿ ಇಳಿಜಾರನ್ನು ಕಟ್ಟಿದವರು ಭಕ್ತರಿಗಾಗಿ ಬಂಡೆಯಲ್ಲಿ ಮೆಟ್ಟಿಲು ಕಡಿದರು. ಎದುರಿನ ದಿಣ್ಣೆಯ ಮೇಲೆ ಇಮ್ಮಡಿ ಭೈರರಸನು 1586ರಲ್ಲಿ ಕಟ್ಟಿಸಿದ ಚತುರ್ಮುಖ ಬಸದಿಗೂ ಮೆಟ್ಟಿಲೇ ದಾರಿ. ಏರಲಾರದವರಿಗೆ ಪೂರ್ವಿಕರು ಕಂಡ ಉಪಾಯವೆಂದರೆ ಮನುಷ್ಯನ ಹೆಗಲು. ಶ್ರವಣಬೆಳಗೊಳದ ಡೋಲಿಯು ಅದರ ಉಳಿಕೆ. ಹೆಗಲು ಕೊಡುವುದು ಪುಣ್ಯವೇ ಸರಿ. ಆದರೆ ಡೋಲಿಯಲ್ಲಿ ಕುಳಿತವನು ತನ್ನ ಇಷ್ಟದಂತೆ ಹೋಗಲಾರನು, ಇಷ್ಟವಾದಲ್ಲಿ ನಿಲ್ಲಲಾರನು. ಹೊರುವವರು ಬರುವ ತನಕ ಕಾಯುವುದೇ ಅವನ ಯಾತ್ರೆಯ ಬಹುಭಾಗ.

ಬೆಟ್ಟದ ಮೇಲಿನ ಪ್ರಾಚೀನ ಸ್ಮಾರಕಕ್ಕೆ ವಿನಾಯಿತಿ ಇರಲಿ. ಪೇಟೆಯ ಬೀದಿಗೆ ಆ ವಿನಾಯಿತಿಯಿಲ್ಲ. ನಮ್ಮ ಕರಾವಳಿಯ ಬೀದಿಯ ಸ್ವರೂಪವನ್ನು ನಿರ್ಧರಿಸಿದುದು ಮಳೆ. ವರ್ಷಕ್ಕೆ 4,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಈ ಸೀಮೆಯಲ್ಲಿ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಬೀಳುತ್ತದೆ. ಮುರಕಲ್ಲಿನ ಗೋಡೆಗೆ ನೀರು ಸಿಡಿಯದಂತೆ ಮನೆಗೆ ಎತ್ತರದ ಪಂಚಾಂಗ, ಅದರ ಮುಂದೆ ಜಗಲಿ, ಜಗಲಿಯಿಂದ ಬೀದಿಗಿಳಿಯಲು ಮೂರು ನಾಲ್ಕು ಮೆಟ್ಟಿಲು, ಮೆಟ್ಟಿಲ ಬುಡದಲ್ಲಿ ನೀರು ಹರಿಯುವ ಚರಂಡಿ: ಹಳೆಯ ಪೇಟೆಗಳಲ್ಲಿ ಇಂದಿಗೂ ಈ ಕ್ರಮವನ್ನು ಕಾಣಬಹುದು. ಜಗಲಿಯು ದಾರಿಹೋಕನಿಗೆ ನೆರಳು ಕೊಟ್ಟಿತು, ಕುಳ್ಳಿರಲು ಜಾಗ ಕೊಟ್ಟಿತು. ಅದೇ ಜಗಲಿಯ ಎತ್ತರವು ಮುಂದೆ ಅಂಗಡಿಯ ಎತ್ತರವಾಗಿ, ಗಾಲಿಕುರ್ಚಿಯಲ್ಲಿ ಬಂದವನನ್ನು ಬೀದಿಯಲ್ಲಿಯೇ ನಿಲ್ಲಿಸಿತು.

ದಕ್ಷಿಣ ಕನ್ನಡವು 1956ರ ನವೆಂಬರ್ 1ರವರೆಗೆ ಮದರಾಸಿಗೆ ಸೇರಿದ್ದಿತಷ್ಟೆ. ಉಡುಪಿಯಲ್ಲಿ 1935ರಲ್ಲಿ ಪುರಸಭೆ ಏರ್ಪಟ್ಟಾಗ ಅದಕ್ಕೆ ಅನ್ವಯಿಸಿದ್ದು 1920ರ ಮದರಾಸು ಜಿಲ್ಲಾ ಮುನಿಸಿಪಾಲಿಟಿಗಳ ಕಾಯಿದೆ. ಬೀದಿಯ ಮೇಲೆ ಚಾಚುವ ವೆರಾಂಡ, ಮಾಡುಗಳಿಗೆ ಲೈಸೆನ್ಸು ಕೊಡುವ ಅಧಿಕಾರವೂ ಒತ್ತುವರಿಯನ್ನು ತೆಗೆಯಿಸುವ ಅಧಿಕಾರವೂ ಆ ಕಾಯಿದೆಯಲ್ಲಿ ಪುರಸಭೆಗೆ ಇದ್ದುವು. ಆ ಬಗೆಯ ಶಾಸನದಲ್ಲಿ ಬೀದಿಯೆಂದರೆ ನೈರ್ಮಲ್ಯ, ದೀಪ, ಚರಂಡಿ ಮತ್ತು ಒತ್ತುವರಿಗಳ ವಿಷಯ. ನಡೆಯುವವರ ಪೈಕಿ ಯಾರು ನಡೆಯಲಾರರು ಎಂಬ ಭೇದ ಅದಕ್ಕೆ ಗೋಚರವಾಗಿರಲಿಲ್ಲ. ಅದೇ ದೃಷ್ಟಿಯನ್ನು ನಾವು ಸ್ವಾತಂತ್ರ್ಯಾನಂತರವೂ ದೀರ್ಘಕಾಲ ಮುಂದುವರಿಸಿಕೊಂಡು ಬಂದೆವು.

ಹೀಗಾಗಿ ನಮ್ಮ ಪಟ್ಟಣಗಳಲ್ಲಿ ಕಾಲುದಾರಿಯು ಕಾಲುದಾರಿಯಾಗಿ ಹುಟ್ಟಲೇ ಇಲ್ಲ. ಮೋಟಾರು ಹೆಚ್ಚಿತು, ಬೀದಿಯನ್ನು ಅಗಲಮಾಡಬೇಕಾಯಿತು, ತೆರೆದ ಚರಂಡಿಯ ಮೇಲೆ ಚಪ್ಪಡಿ ಹಾಸಿದರು. ಆ ಚಪ್ಪಡಿಯ ಮೇಲೆ ಜನ ನಡೆದರು. ಅದಕ್ಕೆ ಕಾಲುದಾರಿ ಎಂಬ ಹೆಸರು ಬಂದಿತು. ಇಂದಿನ ತೊಡಕುಗಳ ಪೈಕಿ ಹೆಚ್ಚಿನವಕ್ಕೆ ಈ ಜನ್ಮವೃತ್ತಾಂತವೇ ಕಾರಣವೆಂಬುದು ನಮ್ಮ ಅಭಿಪ್ರಾಯ. ಚರಂಡಿಯ ಮುಚ್ಚಳಕ್ಕೆ ಎತ್ತಲು ತೂತು ಬೇಕು, ನೀರು ಇಳಿಯಲು ಸಂದು ಬೇಕು. ಆ ತೂತಿನಲ್ಲಿ ಊರುಗೋಲಿನ ತುದಿ ಸಿಕ್ಕುತ್ತದೆ. ಆ ಸಂದಿನಲ್ಲಿ ಗಾಲಿಕುರ್ಚಿಯ ಮುಂಗಾಲಿ ಇಳಿಯುತ್ತದೆ. ಹೂಳೆತ್ತಲು ತೆಗೆದ ಚಪ್ಪಡಿ ಮತ್ತೆ ಅದೇ ಮಟ್ಟದಲ್ಲಿ ಕೂರುವುದು ಅಪರೂಪ. ಮಳೆಗಾಲದಲ್ಲಿ ಅದರ ಮೇಲೆ ಹಾವಸೆ ಬೆಳೆಯುತ್ತದೆ; ಎರಡು ಕಾಲು ಗಟ್ಟಿಯಿದ್ದವರೇ ಜಾರುವ ಕಡೆ, ಕೃತಕ ಕಾಲು ಧರಿಸಿದವರ ಗತಿಯನ್ನು ಊಹಿಸಬಹುದು. ರಸ್ತೆಗೆ ಡಾಮರು ಹಾಕುವಾಗ ಹಳೆಯ ಪದರವನ್ನು ಕೆರೆಯದೆ ಮೇಲೆಮೇಲೆ ಹಾಕುವುದರಿಂದ ಕೆಲವೆಡೆ ರಸ್ತೆಯೇ ಚಪ್ಪಡಿಗಿಂತ ಎತ್ತರಕ್ಕೆ ಏರಿದೆ.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಬಾಲ್ಯದಿಂದ ಮಂದದೃಷ್ಟಿಯವರು, ಎಂ. ಎ. ಪದವಿಯನ್ನು ಉತ್ತಮ ದರ್ಜೆಯಲ್ಲಿ ಪಡೆದವರು. ಒಂದು ಆಷಾಢದ ಸಂಜೆ, ಹೂಳೆತ್ತಿದ ಮೇಲೆ ಮುಚ್ಚದೆ ಬಿಟ್ಟಿದ್ದ ಚರಂಡಿಗೆ ಬಿದ್ದು ಕಾಲು ಮುರಿದುಕೊಂಡರು. ಯಾವ ಊರು, ಯಾವ ಬೀದಿ ಎಂದು ಇಲ್ಲಿ ಬರೆಯುವುದರಿಂದ ಪ್ರಯೋಜನವಿಲ್ಲ. ಅಂಥ ಬೀದಿ ಒಂದೇ ಅಲ್ಲ. ಆಸ್ಪತ್ರೆಯಲ್ಲಿ ನೋಡಲು ಹೋದ ನಮಗೆ ಅವರು ಹೇಳಿದ ಮಾತು ಇಷ್ಟೇ: ತಾವು ಕುರುಡುಗೋಲನ್ನು ಸರಿಯಾಗಿಯೇ ಹಿಡಿದಿದ್ದೆವು, ನೆಲವೇ ಅಲ್ಲಿರಲಿಲ್ಲ. ಪ್ರಸ್ತುತ ಲೇಖನಕ್ಕೆ ಆ ಮಾತೇ ಕಾರಣವಾಯಿತೆಂದು ಒಪ್ಪಿಕೊಳ್ಳುತ್ತೇವೆ.

ಮಣಿಪಾಲದ ಸಂಗತಿ ಬೇರೆ. ಅದು ಹಳೆಯ ಪೇಟೆಯಲ್ಲ. ಮುರಕಲ್ಲಿನ ಬೋಳು ಗುಡ್ಡದ ಮೇಲೆ ಡಾ. ಟಿ. ಎಂ. ಎ. ಪೈ ಅವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಅನಂತರ ಬೆಳೆದ ಊರು. ಜಗಲಿಯ ಹಂಗಿಲ್ಲದೆ ಹೊಸದಾಗಿ ಬೀದಿಯನ್ನು ರಚಿಸುವ ಅವಕಾಶ ಅಲ್ಲಿದ್ದಿತು. ಆದರೆ ಗುಡ್ಡವು ಗುಡ್ಡವೇ. ಗಾಲಿಕುರ್ಚಿಯ ಇಳಿಜಾರಿಗೆ ಒಪ್ಪಿತವಾದ ಪ್ರಮಾಣ ಒಂದಕ್ಕೆ ಹನ್ನೆರಡು, ಅಂದರೆ ಒಂದು ಅಡಿ ಏರಲು 12 ಅಡಿ ಉದ್ದದ ಓಟ. ಗುಡ್ಡದ ರಸ್ತೆಗಳು ಈ ಪ್ರಮಾಣವನ್ನು ಕೇಳಿ ಹುಟ್ಟಿದವಲ್ಲ. ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟು ತಗುಲಿದವರು, ಪಾರ್ಶ್ವವಾಯುವಿನಿಂದ ಬಳಲುವವರು ದೂರದ ಜಿಲ್ಲೆಗಳಿಂದ ಚಿಕಿತ್ಸೆಗಾಗಿ ಇಲ್ಲಿಗೆ ಬರುತ್ತಾರೆ. ಕೋಣೆಯೊಳಗೆ ಗಾಲಿಕುರ್ಚಿಯನ್ನು ನಡೆಸಲು ಕಲಿತವನಿಗೆ ಮುಂದಿನ ಪಾಠ ಬೀದಿಯಲ್ಲಿ. ಉಡುಪಿಯಿಂದ ಮಣಿಪಾಲದ ಮೂಲಕ ಘಟ್ಟದ ಕಡೆಗೆ ಹೋಗುವ 169ಎ ರಾಷ್ಟ್ರೀಯ ಹೆದ್ದಾರಿಯನ್ನು ಚತುಷ್ಪಥವಾಗಿ ಅಗಲಗೊಳಿಸಿದ ಮೇಲೆ, ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟುವುದೇ ಆ ಪಾಠದ ಕಠಿನ ಭಾಗವಾಗಿದೆ.

ಕಾಪುವಿನಲ್ಲಿಯೂ ಹೆದ್ದಾರಿಯೇ ಮುಖ್ಯ. ಹಿಂದೆ 17ನೆಯ ಸಂಖ್ಯೆಯದಾಗಿದ್ದು ಈಗ 66 ಎನಿಸಿಕೊಂಡಿರುವ ರಾಷ್ಟ್ರೀಯ ಹೆದ್ದಾರಿಯು ಊರನ್ನು ಕಡಲಿನಿಂದ ಬೇರ್ಪಡಿಸಿ ಹೋಗುತ್ತದೆ. ಪಶ್ಚಿಮಕ್ಕೆ ಬಂಡೆಯ ಮೇಲೆ 1901ರ ದೀಪಸ್ತಂಭವಿದೆ. ಅದರ ಬಂಡೆಯನ್ನು ಏರಲಾರದವರಿಗೆ ಅದರ ಬುಡದ ಕಡಲತೀರವಾದರೂ ಎಟುಕಬೇಕಷ್ಟೆ, ಅಲ್ಲಿ ಮರಳು. ಈ ವಿಷಯದಲ್ಲಿ ಅದೇ ತಾಲ್ಲೂಕಿನ ಪಡುಬಿದ್ರಿಯ ಉದಾಹರಣೆ ಗಮನಾರ್ಹವಾದುದು. 2020ರಲ್ಲಿ ಭಾರತದ ಎಂಟು ಕಡಲತೀರಗಳಿಗೆ ‘ನೀಲಿ ಪತಾಕೆ’ಯೆಂಬ ಅಂತಾರಾಷ್ಟ್ರೀಯ ಮನ್ನಣೆ ದೊರೆತಾಗ, ಕರ್ನಾಟಕದಿಂದ ಹೊನ್ನಾವರದ ಬಳಿಯ ಕಾಸರಕೋಡು ಮತ್ತು ಪಡುಬಿದ್ರಿ ಅವುಗಳಲ್ಲಿ ಸೇರಿದ್ದುವು. ಆ ಮನ್ನಣೆಯ ನಿಯಮಗಳಲ್ಲಿ ವಿಕಲಚೇತನರಿಗೆ ತೀರವು ಸುಗಮವಾಗಿರಬೇಕೆಂಬುದೂ ಒಂದು. ಮರಳಿನ ಮೇಲೆಯೂ ಗಾಲಿಗೆ ದಾರಿ ಮಾಡುವುದು ಸಾಧ್ಯವೆಂದು ಇದರಿಂದ ಸಿದ್ಧವಾಯಿತು. ಆದರೆ ಬಸ್ಸಿನಿಂದ ಪಡುಬಿದ್ರಿಯ ಪೇಟೆಯಲ್ಲಿ ಇಳಿದವನು (ಬಸ್ಸಿನ ಮೆಟ್ಟಿಲಿನ ಎತ್ತರದ ಮಾತು ಬೇರೆ) ಆ ತೀರದವರೆಗೆ ಹೇಗೆ ಹೋಗಬೇಕೆಂಬುದು ಆ ನಿಯಮಗಳ ವ್ಯಾಪ್ತಿಯಲ್ಲಿಲ್ಲ. ಸುಗಮತೆಯು ದ್ವೀಪವಾಗಿ ಉಳಿದಿದೆ. ಕೋಡಿಯ ಮಠದ ಅನ್ನದ ವಿಷಯದಲ್ಲಿ ನಾವು ಕೇಳಿದ ಪ್ರಶ್ನೆ ಇಲ್ಲಿಯೂ ಹಾಗೆಯೇ ನಿಲ್ಲುತ್ತದೆ.

ಹೊರದೇಶಗಳಲ್ಲಿ ಈ ಅರಿವು ಮೂಡಿದುದು ಎರಡನೆಯ ಮಹಾಯುದ್ಧದ ತರುವಾಯ. ಗಾಯಗೊಂಡು ಮರಳಿದ ಯೋಧರಿಗಾಗಿ ಅಮೆರಿಕದ ಕಲಮಝೂ ನಗರವು 1945ರಲ್ಲಿ ಮೂಲೆಗಳ ಅಂಚುಗಲ್ಲನ್ನು ತಗ್ಗಿಸಿ ನೋಡಿತು. ಜಪಾನಿನ ಸೇಯಿಚಿ ಮಿಯಾಕೆ ಎಂಬವರು 1965ರಲ್ಲಿ ಕಾಲಿನ ಸ್ಪರ್ಶಕ್ಕೆ ತಿಳಿಯುವ ಉಬ್ಬುಬಿಲ್ಲೆಯನ್ನು ಕಲ್ಪಿಸಿದರು. 1967ರಲ್ಲಿ ಒಕಾಯಾಮ ನಗರದ ಒಂದು ಬೀದಿಯಲ್ಲಿ ಅದನ್ನು ಮೊದಲು ಹಾಸಿದರು. ಉದ್ದಗೆರೆಯ ಬಿಲ್ಲೆಯ ಅರ್ಥ ‘ಮುಂದೆ ಹೋಗು’. ಚುಕ್ಕೆಯ ಬಿಲ್ಲೆಯ ಅರ್ಥ ‘ನಿಲ್ಲು, ಎಚ್ಚರ’. ಅದೊಂದು ಲಿಪಿ. ನಮ್ಮ ನಗರಗಳಲ್ಲಿ ಈ ಹಳದಿ ಬಿಲ್ಲೆಗಳನ್ನು ಅಲಂಕಾರವೆಂದು ತಿಳಿದು ಹಾಸಿ, ವಿದ್ಯುತ್ ಕಂಬದ ಬುಡಕ್ಕೋ ಮರದ ಕಟ್ಟೆಗೋ ಒಯ್ದು ಮುಟ್ಟಿಸುವವರು ಆ ಲಿಪಿಯನ್ನು ಓದಬಲ್ಲವರಲ್ಲ.

ಭಾರತದಲ್ಲಿ ದಾನವು ಹಕ್ಕಾಗಿ ಪರಿವರ್ತಿತವಾದ ಬಗೆಯನ್ನು ಸಂಕ್ಷೇಪವಾಗಿ ಹೇಳಬಹುದು. 1992ರ ಡಿಸೆಂಬರಿನ ಬೀಜಿಂಗ್ ಘೋಷಣೆಯ ಫಲವಾಗಿ 1995ರ ಕಾಯಿದೆ ಬಂದು 1996ರ ಫೆಬ್ರವರಿ 7ರಿಂದ ಜಾರಿಯಾಯಿತು. ಅದರ 45ನೆಯ ಪ್ರಕರಣವು ಬೀದಿಯನ್ನೇ ಕುರಿತದ್ದು: ಕೆಂಪು ದೀಪದ ಬಳಿ ಶಬ್ದಸಂಕೇತ, ಕಾಲುದಾರಿಯ ಅಂಚಿನಲ್ಲಿ ಇಳಿಜಾರು, ದಾಟುಪಟ್ಟೆಯ ಮೇಲೆ ಅಂಧರಿಗಾಗಿ ಕೆತ್ತನೆ. ಆದರೆ ಇದೆಲ್ಲವೂ ಸರಕಾರದ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಎಂಬ ಷರತ್ತು ಜತೆಗೇ ಇದ್ದಿತು. ಆ ಷರತ್ತಿನ ಬಾಗಿಲಿನಿಂದ ಪ್ರಕರಣವೆಲ್ಲವೂ ಹೊರಗೆ ಹೋಯಿತೆಂದರೆ ತಪ್ಪಾಗದು. ವಿಶ್ವಸಂಸ್ಥೆಯ 2006ರ ಒಡಂಬಡಿಕೆಯನ್ನು ಭಾರತವು 2007ರಲ್ಲಿ ಅನುಮೋದಿಸಿದ ಮೇಲೆ, 2016ರ ಹೊಸ ಕಾಯಿದೆ ಬಂದಿತು. ಹಿಂದಿನ 7 ಬಗೆಯ ವೈಕಲ್ಯಗಳ ಸ್ಥಾನದಲ್ಲಿ 21 ಬಗೆಗಳನ್ನು ಅದು ಅಂಗೀಕರಿಸಿತು. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸುಗಮಗೊಳಿಸಲು ಅದು ಕೊಟ್ಟ ಐದು ವರ್ಷಗಳ ಗಡುವು 2022ರಲ್ಲಿ ಮುಗಿದುಹೋಯಿತು. ಅಂಧರಾದ ರಾಜೀವ್ ರಾತುರಿಯವರು 2005ರಲ್ಲಿ ಸಲ್ಲಿಸಿದ್ದ ಅರ್ಜಿಯಲ್ಲಿ ಸುಪ್ರೀಂ ಕೋರ್ಟು 2024ರ ನವೆಂಬರ್ 8ರಂದು, ಮಾನಕಗಳನ್ನು ಕೇವಲ ಸಲಹೆಯ ರೂಪದಲ್ಲಿ ಇಟ್ಟಿದ್ದ 15ನೆಯ ನಿಯಮದ ಭಾಗವನ್ನು ಕಾಯಿದೆಗೆ ವಿರುದ್ಧವೆಂದು ಸಾರಿ, ಕಡ್ಡಾಯದ ನಿಯಮಗಳನ್ನು ಮೂರು ತಿಂಗಳೊಳಗೆ ರಚಿಸುವಂತೆ ಆಜ್ಞಾಪಿಸಿತು. 2025ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯವು ಕಾಲುದಾರಿಯ ಹಕ್ಕು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನಲ್ಲಿ ಅಡಕವಾದುದೆಂದು ಹೇಳಿ, ವಿಕಲಚೇತನರಿಗೂ ಅದು ಸುಗಮವಾಗಿರಬೇಕೆಂದು ಸ್ಪಷ್ಟಪಡಿಸಿತು.

ಕಾನೂನಿನ ಕೊರತೆಯಿಲ್ಲ. ತೊಡಕು ಇರುವುದು ಇನ್ನೊಂದು ಕಡೆ. 2016ರ ಕಾಯಿದೆಯಂತೆ, ಸುಗಮತೆಯ ನಿಯಮವನ್ನು ಪಾಲಿಸದ ಕಟ್ಟಡದ ನಕ್ಷೆಗೆ ಅನುಮತಿಯಿಲ್ಲ. ಕಟ್ಟಿ ಮುಗಿಸಿದ ಮೇಲೆ ಪೂರ್ತಿಪತ್ರವೂ ಇಲ್ಲ. ಬೀದಿಗೆ ಪೂರ್ತಿಪತ್ರ ಕೊಡುವವರಾರು? ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನಕದಂತೆ ಕಾಲುದಾರಿಯ ನಿರಾತಂಕವಾದ ಅಗಲ ಕನಿಷ್ಠ 1.8 ಮೀಟರು, ಅಂಚುಗಲ್ಲಿನ ಎತ್ತರ 150 ಮಿಲಿಮೀಟರನ್ನು ಮೀರಬಾರದು. ರಸ್ತೆಯ ಒಂದು ತುಂಡು ಹೆದ್ದಾರಿ ಪ್ರಾಧಿಕಾರಕ್ಕೆ, ಇನ್ನೊಂದು ಲೋಕೋಪಯೋಗಿ ಇಲಾಖೆಗೆ, ಮತ್ತೊಂದು ಪುರಸಭೆಗೆ ಸೇರಿರುವಲ್ಲಿ, ಪ್ರತಿಯೊಬ್ಬರೂ ತಮ್ಮ ತುಂಡನ್ನು ಮಾನಕದಂತೆ ಮುಗಿಸಬಹುದು. ಕೂಡುವ ಜಾಗದಲ್ಲಿ ಉಳಿಯುವ ಅರ್ಧ ಅಡಿಯ ಮೆಟ್ಟಿಲು ಯಾರ ಲೆಕ್ಕಕ್ಕೂ ಬರುವುದಿಲ್ಲ. ಗಾಲಿಕುರ್ಚಿ ನಿಲ್ಲುವುದು ಅಲ್ಲಿಯೇ.

ರಥಬೀದಿಯಲ್ಲಿ ಅಂಥ ಕೂಡುವ ಜಾಗವನ್ನು ಯಾರೂ ಸಹಿಸುತ್ತಿರಲಿಲ್ಲ. ರಥ ಹೊರಡುವ ಮೊದಲು ಸುತ್ತನ್ನು ಪೂರ್ತಿಯಾಗಿ ನೋಡಿಕೊಳ್ಳಬೇಕಾಗುತ್ತಿದ್ದಿತು, ಏಕೆಂದರೆ ರಥವು ಸುತ್ತನ್ನು ಪೂರ್ತಿಯಾಗಿ ಹೋಗಬೇಕಾಗಿದ್ದಿತು. ವಾದಿರಾಜರು ಏರ್ಪಡಿಸಿದರೆಂದು ಪರಂಪರೆಯು ಹೇಳುವ ಎರಡು ವರ್ಷಗಳ ಪರ್ಯಾಯದ ಪದ್ಧತಿ 1522ರಿಂದ ನಡೆದುಬಂದಿದೆ. ಪ್ರತಿ ಪರ್ಯಾಯದ ಮುನ್ನ ಜೋಡುಕಟ್ಟೆಯಿಂದ ರಥಬೀದಿಯವರೆಗಿನ ಮೆರವಣಿಗೆಯ ದಾರಿಗೆ ದುರಸ್ತಿಯ ಯೋಗ ಬರುವುದನ್ನು ಉಡುಪಿಯವರೆಲ್ಲ ಬಲ್ಲರು. 2028ರ ಜನವರಿಯಲ್ಲಿ ಇನ್ನೊಂದು ಪರ್ಯಾಯವಿದೆ. ಆ ದುರಸ್ತಿಯ ಸಮಯದಲ್ಲಿ ಹಳೆಯ ಡಾಮರನ್ನು ಕೆರೆದು, ಚಪ್ಪಡಿಗಳನ್ನು ರಸ್ತೆಯ ಮಟ್ಟಕ್ಕೆ ಹೊಂದಿಸಿ, ತೂತುಗಳನ್ನು ಮುಚ್ಚಿ, ಕೂಡುವ ಜಾಗಗಳಲ್ಲಿ ಒಂದಕ್ಕೆ ಹನ್ನೆರಡರ ಇಳಿಜಾರು ಇಡಲು ಹೊಸ ಕಾನೂನಾಗಲಿ ಹೊಸ ಇಲಾಖೆಯಾಗಲಿ ಬೇಕಾಗಿಲ್ಲ. ಕೆಲಸ ಮುಗಿದ ಮೇಲೆ, ಗುತ್ತಿಗೆದಾರನ ಬಿಲ್ಲಿಗೆ ಸಹಿ ಹಾಕುವ ಮುನ್ನ, ಗಾಲಿಕುರ್ಚಿಯಲ್ಲಿ ಕುಳಿತವರೊಬ್ಬರೂ ಕುರುಡುಗೋಲು ಹಿಡಿದವರೊಬ್ಬರೂ ಜೋಡುಕಟ್ಟೆಯಿಂದ ಹೊರಟು ಯಾರ ಕೈಯನ್ನೂ ಹಿಡಿಯದೆ ರಥಬೀದಿಯನ್ನು ತಲುಪಿ ನೋಡಬೇಕು. ನಮ್ಮ ಹಳೆಯ ವಿದ್ಯಾರ್ಥಿಯು ಆ ಇಬ್ಬರಲ್ಲಿ ಒಬ್ಬರಾಗಲು ಒಪ್ಪಿದ್ದಾರೆ.